ಮೊರ ತಗಂಬಾರವ್ವ: ಬಸುರಿಯ ಮನೆಮದ್ದು ಹಸನು ಮಾಡುವ ಬಗೆ

ಬಸುರಿ ಹೆಂಗಸಿಗೆ "ಏನಾದ್ರೂ ಔಷಧಿ ತಗಂತಿದ್ದೀಯೇನವ್ವ?" ಅಂತ ಕೇಳಬಾರದು. ಕೇಳಿದರೆ "ಇಲ್ಲ ಸಿಸ್ಟ್ರಮ್ಮ" ಅಂತಲೇ ಉತ್ತರ ಬರುತ್ತದೆ. ಅದು ಸುಳ್ಳೂ ಅಲ್ಲ. ನಮ್ಮ ಕಡೆ ಔಷಧಿ ಅಂದರೆ ಗುಳಿಗೆ, ಸೂಜಿ, ಬಾಟ್ಲಿ. ಕಷಾಯ ಔಷಧಿಯಲ್ಲ, ಅರೆದು ಕುಡಿಸಿದ ಬೇರು ಔಷಧಿಯಲ್ಲ, ಜಾತ್ರೆಯಲ್ಲಿ ಕೊಂಡ ಪುಡಿ ಔಷಧಿಯಲ್ಲ. ಎಲೆಅಡಿಕೆಯಂತೂ ಊಟದ ಬಾಬತ್ತು. ಮೊದಲ ನಾಲ್ಕೈದು ವರ್ಷ ನಾನು ಇದೇ ಪ್ರಶ್ನೆ ಕೇಳಿಕೊಂಡು ಹಳ್ಳಿ ತಿರುಗಿದೆ. ರಿಜಿಸ್ಟರಿನ ತುಂಬ "ಇಲ್ಲ, ಇಲ್ಲ" ಅಂತ ಬರೆದೆ.

ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಅಂತ ಕೆಲಸಕ್ಕೆ ಸೇರಿದಾಗ ಜಗಳೂರು ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಯಾಯಿತು. ನಾನು ಅದೇ ಉಪಕೇಂದ್ರದ ಅದೇ ಕುರ್ಚಿಯಲ್ಲಿದ್ದೆ, ಜಿಲ್ಲೆಗೇ ವರ್ಗಾವಣೆ ಆಯಿತು ಅನ್ನಿ. ಆಮೇಲೆ ಚಳ್ಳಕೆರೆ ಕಡೆ ಹನ್ನೊಂದು ವರ್ಷ. ಈಗ ನಿವೃತ್ತಿಯಾಗಿ ದಾವಣಗೆರೆ ನಿಟ್ಟುವಳ್ಳಿಯಲ್ಲಿದ್ದೇನೆ.

ಮೊರದ ಉಪಾಯ ಹೊಳೆದದ್ದು ಜಗಳೂರು ಸೀಮೆಯ ಒಂದು ಮನೆಯ ಅಂಗಳದಲ್ಲಿ. ಅತ್ತೆ ಸಜ್ಜೆ ಕೇರುತ್ತಿದ್ದಳು. ಸೊಸೆಗೆ ಏಳು ತಿಂಗಳು. ಮಾಮೂಲಿ ಪ್ರಶ್ನೆ, ಮಾಮೂಲಿ "ಇಲ್ಲ". ನನಗೆ ಅವತ್ತು ಯಾಕೋ ಬೇಸರ ಬಂದು, "ಆ ಮೊರ ಖಾಲಿ ಮಾಡಿ ಕೊಡಮ್ಮ. ನಿನ್ನ ಸೊಸೆ ಊಟ ಬಿಟ್ಟು ಬೇರೆ ಏನೇನು ಬಾಯಿಗೆ ಹಾಕ್ಕಂತಾಳೋ, ಮೈಗೆ ಹಚ್ಚಿಕಂತಾಳೋ, ಎಲ್ಲಾ ಇದರಾಗೆ ತಂದು ಹಾಕು" ಅಂದೆ. ಹತ್ತು ನಿಮಿಷದಲ್ಲಿ ಮೊರ ತುಂಬಿತು. ನಾವು ಕೊಟ್ಟ ಕಬ್ಬಿಣದ ಗುಳಿಗೆ ಹಾಳೆ ಒಡೆಯದೆ ಹಾಗೇ ಇತ್ತು. ಪೇಪರಿನಲ್ಲಿ ಕಟ್ಟಿದ ಮೂರು ಬಗೆಯ ಪುಡಿ, ಹರಳೆಣ್ಣೆ ಬಾಟ್ಲಿ, ಅರ್ಧ ಕಡಿದ ಬಳಪ, ಕಡ್ಡಿಪುಡಿ, ನೋವಿನ ಮುಲಾಮು. ಅವತ್ತಿಂದ ನಿವೃತ್ತಿಯಾಗುವ ತನಕ ನಾನು ಔಷಧಿ ಬಗ್ಗೆ ಯಾರನ್ನೂ ಪ್ರಶ್ನೆ ಕೇಳಲಿಲ್ಲ, ಮೊರ ಕೇಳಿದೆ.

ನೀವೂ ಹಾಗೇ ಮಾಡಿ. ತಿಂಗಳು ನಿಂತದ್ದು ಗೊತ್ತಾದ ವಾರವೇ ಮಾಡಿ, ಯಾಕಂದರೆ ಮಗುವಿನ ಹೃದಯ, ಮೆದುಳು, ಕೈಕಾಲು ಮೂಡುವುದು ಮೊದಲ ಎರಡು ಮೂರು ತಿಂಗಳಲ್ಲೇ. ಆಮೇಲೆ ತಿಂಗಳಿಗೊಮ್ಮೆ. ಪಟ್ಟಣದವರಿಗೆ ಮೊರ ಇಲ್ಲದಿದ್ದರೆ ಸ್ಟೀಲ್ ತಟ್ಟೆ ಸಾಕು. ವ್ಯಾನಿಟಿ ಬ್ಯಾಗು, ದೇವರ ಗೂಡು, ಫ್ರಿಜ್ಜಿನ ಬಾಗಿಲು, ಅತ್ತೆಯ ಎಲೆಚೀಲ ಎಲ್ಲ ನೋಡಿ. ತಾಯತ ಮಾತ್ರ ಮೊರಕ್ಕೆ ಬೇಡ, ಅದು ಕೊರಳಲ್ಲೇ ಇರಲಿ. ಅದರಿಂದ ಯಾರ ಬಿಪಿಯೂ ಏರಿದ್ದನ್ನು ನಾನು ಕಾಣೆ.

ಮೊರ ತುಂಬಿದ ಮೇಲೆ ಕೆಲಸ ನಿಮಗೆ ಗೊತ್ತಿರುವುದೇ. ಕಾಳು ಒಂದು ಕಡೆ, ಹೊಟ್ಟು ಒಂದು ಕಡೆ, ಕಲ್ಲು ಬೇರೆ.

ನಾನೇ ಮುಚ್ಚಿಟ್ಟ ಕಷಾಯ

ಬೇರೆಯವರ ಮನೆ ಮೊರ ಕೇರುವ ಮೊದಲು ನನ್ನದನ್ನು ಹೇಳಿಬಿಡುತ್ತೇನೆ. ಎರಡನೇ ಬಸುರಿನಲ್ಲಿ, ಏಳನೇ ತಿಂಗಳು, ನನಗೆ ಒಣಕೆಮ್ಮು ಹಿಡಿದು ಬಿಡಲಿಲ್ಲ. ನಮ್ಮತ್ತೆ ಜ್ಯೇಷ್ಠಮಧು ಜಜ್ಜಿ ಕಷಾಯ ಮಾಡಿ ದಿನಕ್ಕೆ ಎರಡು ಲೋಟ ಕೊಟ್ಟರು. ಸಿಹಿ ಸಿಹಿ, ಗಂಟಲಿಗೆ ಹಿತ. ಮೂರು ವಾರ ಕುಡಿದೆ. ಕಾಲು ಊದಿದವು, ಬಿಪಿ 146/94ಕ್ಕೆ ಹೋಯಿತು. ಡಾಕ್ಟರಮ್ಮ ಕೇಳಿದರು: "ಬೇರೆ ಏನಾದರೂ ತಗೋತಿದ್ದೀರಾ ಸಿಸ್ಟರ್?" ನಾನು, ಊರಿಗೆಲ್ಲ ಬುದ್ಧಿ ಹೇಳುವವಳು, "ಇಲ್ಲ ಮೇಡಂ" ಅಂದೆ. ನರ್ಸಮ್ಮನೇ ಕಷಾಯ ಕುಡಿಯುತ್ತಾಳೆ ಅಂದರೆ ಏನಂದುಕೊಂಡಾರು ಅನ್ನುವ ನಾಚಿಕೆ.

ಎರಡು ದಿನ ನಿದ್ದೆ ಬರಲಿಲ್ಲ. ಮೂರನೇ ದಿನ ಹೋಗಿ ಹೇಳಿದೆ. ಅವರು ಬೈಯಲಿಲ್ಲ. ಕಷಾಯ ನಿಲ್ಲಿಸಿದರು, ಗರ್ಭನಂಜಿಗೆ, ಅಂದರೆ ಬಸುರಿನಲ್ಲಿ ಬಿಪಿ ಏರಿ ಫಿಟ್ಸಿನ ತನಕ ಹೋಗುವ ಕಾಯಿಲೆಗೆ, ಬೇಕಾದ ಪರೀಕ್ಷೆಯನ್ನೂ ಮಾಡಿಸಿದರು. ಮೂತ್ರದಲ್ಲಿ ಪ್ರೋಟೀನ್ ಇರಲಿಲ್ಲ. ಎರಡು ವಾರದಲ್ಲಿ ಬಿಪಿ ಇಳಿಯಿತು. ಜ್ಯೇಷ್ಠಮಧುವಿನಲ್ಲಿ ಗ್ಲಿಸಿರೈಜಿನ್ ಅನ್ನುವ ಅಂಶ ಇದೆ. ಅದು ಮೈಯಲ್ಲಿ ಉಪ್ಪು ನೀರು ನಿಲ್ಲಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ, ರಕ್ತದೊತ್ತಡ ಏರಿಸುತ್ತದೆ. ಜ್ಯೇಷ್ಠಮಧುವಿನ ಮಿಠಾಯಿ ತಿನ್ನುವ ರೂಢಿ ಇರುವ ಫಿನ್‌ಲೆಂಡಿನಲ್ಲಿ ಬಸುರಿಯರು ಅದನ್ನು ತಿನ್ನದಿರಲಿ ಎಂದು ಸರ್ಕಾರಿ ಸಲಹೆಯೇ ಇದೆ. ಬೇರು ಕೆಟ್ಟದ್ದಲ್ಲ, ಬೇರೆ ದಿನ ಕೆಮ್ಮಿಗೆ ಬಳಸಿ. ಬಸುರಿನಲ್ಲಿ ಬೇಡ.

ನಾನು ಹೇಳದೆ ಹೋಗಿದ್ದರೆ ಬಿಪಿ ಗುಳಿಗೆ ಶುರುವಾಗುತ್ತಿತ್ತು, ಕಷಾಯವೂ ಮುಂದುವರಿಯುತ್ತಿತ್ತು, ಗುಳಿಗೆ ಯಾಕೆ ಹತ್ತುತ್ತಿಲ್ಲ ಅಂತ ಡಾಕ್ಟರು ತಲೆ ಕೆಡಿಸಿಕೊಳ್ಳುತ್ತಿದ್ದರು.

ಕಾಳು

ವಾಂತಿಯಿಂದ ಶುರು ಮಾಡೋಣ, ಎಲ್ಲರ ಕಷ್ಟವೂ ಅಲ್ಲಿಂದಲೇ ತಾನೆ. ಶುಂಠಿ ಒಳ್ಳೆಯದು. ಇದು ಅಜ್ಜಿಯ ಮಾತು ಮಾತ್ರವಲ್ಲ, ಪರೀಕ್ಷೆ ಮಾಡಿ ನೋಡಿದ್ದಾರೆ, ಹೊಟ್ಟೆ ತೊಳಸುವುದು ತಕ್ಕಮಟ್ಟಿಗೆ ಕಡಿಮೆಯಾಗುತ್ತದೆ. ಲೆಕ್ಕ ಇಷ್ಟು: ಇಡೀ ದಿನಕ್ಕೆ ಒಂದು ಗ್ರಾಂ ಒಣಶುಂಠಿ ಪುಡಿ, ಅಂದರೆ ಚಹಾ ಚಮಚದಲ್ಲಿ ಅರ್ಧ. ಅದನ್ನೇ ನಾಲ್ಕು ಪಾಲು ಮಾಡಿ, ಬೆಲ್ಲದ ಚೂರಿನ ಜೊತೆಗೋ ಬಿಸಿನೀರಿಗೋ. ಹಸಿಶುಂಠಿಯಾದರೆ ತುರಿದದ್ದು ಒಂದು ಚಹಾ ಚಮಚ. "ಒಳ್ಳೇದಂತ ಸಿಸ್ಟ್ರಮ್ಮ ಹೇಳಿದ್ಲು" ಅಂತ ಬೆಳಿಗ್ಗೆ ಮಧ್ಯಾಹ್ನ ಸಂಜೆ ಲೋಟಗಟ್ಟಲೆ ಕುದಿಸಿ ಕುಡಿದು ಎದೆಯುರಿ ತಂದುಕೊಂಡವರಿದ್ದಾರೆ. ರಕ್ತ ತೆಳುವಾಗುವ ಔಷಧ ತಗೊಳ್ಳುವವರು ಕೇಳಿಯೇ ತಗೊಳ್ಳಬೇಕು. ಎದ್ದ ತಕ್ಷಣ ಹಾಸಿಗೆಯಲ್ಲೇ ಒಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡು ಹತ್ತು ನಿಮಿಷ ಬಿಟ್ಟು ಏಳಿ. ದಾವಣಗೆರೆಯಲ್ಲಿ ಹುಟ್ಟಿ ಇಷ್ಟಾದರೂ ಲಾಭ ಬೇಡವೇ. ಮೆಣಸಿನಕಾಯಿ ಜೊತೆಗೆ ಅಲ್ಲ, ಬರೀ ಮಂಡಕ್ಕಿ.

ಮಣಿಕಟ್ಟಿನ ಒಳಬದಿಯಲ್ಲಿ, ಗೆರೆಯಿಂದ ಮೊಣಕೈ ಕಡೆಗೆ ಮೂರು ಬೆರಳು ದೂರದಲ್ಲಿ, ಎರಡು ನರದ ನಡುವೆ ಒತ್ತಿ ಹಿಡಿಯುವ ಚೀನೀ ಪದ್ಧತಿಯೂ ಇದೆ. ಕೆಲವರಿಗೆ ಹಿತವಾಗುತ್ತದೆ, ಖರ್ಚಿಲ್ಲ, ಕೆಡುಕಿಲ್ಲ. ಇಷ್ಟಕ್ಕೆ ತಗ್ಗದಿದ್ದರೆ ವಿಟಮಿನ್ ಬಿ6 ಗುಳಿಗೆ ಇದೆ, ಡಾಕ್ಟರು ಬರೆದುಕೊಡುತ್ತಾರೆ. ನೀರೂ ನಿಲ್ಲುತ್ತಿಲ್ಲ, ಮೂತ್ರ ಎಂಟು ಗಂಟೆಯಿಂದ ಆಗಿಲ್ಲ ಅಂದರೆ ಶುಂಠಿ ಡಬ್ಬಿ ಮುಚ್ಚಿ. ಅದಕ್ಕೆ ಡ್ರಿಪ್ಪೇ ಮದ್ದು.

ಮಲಬದ್ಧತೆಗೆ ಇಸಬಗೋಲ್ ಆಗುತ್ತದೆ, ನೀರು ಮಾತ್ರ ದಂಡಿಯಾಗಿ ಕುಡಿಯಬೇಕು. ಸೋನಾಮುಖಿ ಪುಡಿ, ಲೋಳೆಸರದ ಹಳದಿ ರಸ ಬೇಡ. ಅವು ಕರುಳನ್ನು ಹಿಂಡುತ್ತವೆ. ಎದೆಯುರಿಗೆ ತಣ್ಣನೆ ಹಾಲು, ಮಜ್ಜಿಗೆ, ರಾತ್ರಿ ಬೇಗ ಊಟ. ಸೋಡಾಪುಡಿ ಕದಡಿ ಕುಡಿಯಬೇಡಿ, ಅದು ಉಪ್ಪಿನ ಅಣ್ಣ. ಜೀರಿಗೆ, ಓಮ, ಮೆಂತ್ಯ, ಅರಿಸಿನ, ಸಬ್ಬಸಿಗೆ ಎಲ್ಲ ಒಗ್ಗರಣೆಯ ಲೆಕ್ಕದಲ್ಲಿ ಇರಲಿ. ಅದೇ ಅರಿಸಿನ ಕ್ಯಾಪ್ಸೂಲ್ ರೂಪದಲ್ಲಿ ಬಂದರೆ, ಅದೇ ಮೆಂತ್ಯ ಹಿಡಿಗಟ್ಟಲೆ ನೆನೆಸಿ ನುಂಗಿದರೆ ಅಡುಗೆಮನೆ ದಾಟಿ ಔಷಧವಾಯಿತು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತಗೊಳ್ಳುವವರಿಗೆ ಮೆಂತ್ಯ ಸಕ್ಕರೆಯನ್ನು ಇನ್ನಷ್ಟು ಇಳಿಸಿ ತಲೆ ತಿರುಗಿಸಬಹುದು. ನುಗ್ಗೆಸೊಪ್ಪು ಧಾರಾಳವಾಗಿ ತಿನ್ನಿ. ನುಗ್ಗೆಯ ತೊಗಟೆ, ಬೇರು ಬಾಯಿಗೆ ಬೇಡ. ಮರ ಒಂದೇ, ಕೆಲಸ ಬೇರೆ.

ಉರಿಮೂತ್ರಕ್ಕೆ ಬಾರ್ಲಿ ನೀರು, ಎಳನೀರು, ಕೊತ್ತಂಬರಿ ಬೀಜದ ನೀರು ಕುಡಿಯಿರಿ, ಬೇಡ ಅನ್ನುವುದಿಲ್ಲ. ಆದರೆ ಕುಡಿದು ಉರಿ ಕಮ್ಮಿಯಾಯಿತು ಅಂತ ಮೂತ್ರ ಪರೀಕ್ಷೆ ಬಿಡಬೇಡಿ. ಬಸುರಿನಲ್ಲಿ ಆ ಸೋಂಕು ಮೆಲ್ಲಗೆ ಮೂತ್ರಪಿಂಡಕ್ಕೆ ಏರುತ್ತದೆ, ದಿನ ತುಂಬುವ ಮೊದಲೇ ನೋವು ತರಿಸುತ್ತದೆ.

ಇನ್ನು ನಮ್ಮ ಸೀಮೆಗೆ ಅಂತಲೇ ಒಂದು ಮಾತು. ಜಗಳೂರು, ಚಳ್ಳಕೆರೆ, ಮೊಳಕಾಲ್ಮುರು, ಹಿರಿಯೂರು ಕಡೆ ಬೋರಿನ ನೀರಿನಲ್ಲಿ ಫ್ಲೋರೈಡ್ ಇದೆ, ಮಕ್ಕಳ ಹಲ್ಲಿನ ಕಂದು ಗೆರೆ ನೋಡಿದರೆ ಗೊತ್ತಾಗುತ್ತದೆ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನಾಲ್ಕು ಲೋಟ ನೀರು ಒಂದು ಲೋಟಕ್ಕೆ ಇಳಿಯುವ ತನಕ ಕಷಾಯ ಕುದಿಸಿದರೆ ನಾಲ್ಕು ಲೋಟದ ಫ್ಲೋರೈಡ್ ಒಂದೇ ಲೋಟದಲ್ಲಿ ಕೂತಿರುತ್ತದೆ. ಕಷಾಯ ಯಾವುದೇ ಇರಲಿ, ಶುದ್ಧ ನೀರಿನ ಘಟಕದ ನೀರಲ್ಲೇ ಮಾಡಿ.

ಹೊಟ್ಟು

ಇದರ ಮೇಲೆ ಹೆಚ್ಚು ಹೊತ್ತು ಕಳೆಯುವುದಿಲ್ಲ, ಊದಿದರೆ ಹಾರುತ್ತದೆ. ಕೇಸರಿ ಹಾಕಿದ ಹಾಲು ಕುಡಿದರೆ ಮಗು ಕೆಂಪಗೆ ಹುಟ್ಟುವುದಿಲ್ಲ, ಬಣ್ಣ ಅಪ್ಪ ಅಮ್ಮನಿಂದ ಬರುತ್ತದೆ. ಎರಡು ಎಸಳು ಹಾಕಿದರೆ ತೊಂದರೆಯೂ ಇಲ್ಲ, ಹಾಲಾದರೂ ಹೊಟ್ಟೆಗೆ ಹೋಯಿತಲ್ಲ. ಗ್ರಾಂಗಟ್ಟಲೆ ಮಾತ್ರ ವಿಷ. ಎಳ್ಳು ತಿಂದರೆ ಗರ್ಭ ಇಳಿಯುತ್ತದೆ ಅಂತ ಸಂಕ್ರಾಂತಿ ದಿನವೂ ತಿನ್ನದವರಿದ್ದಾರೆ. ಸುಣ್ಣದಂಶ ತುಂಬಿದ ಕಾಳು ಅದು, ತಿನ್ನಿ. ಪರಂಗಿಹಣ್ಣಿನ ಭಯದಲ್ಲಿ ಅರ್ಧ ಸತ್ಯ ಇದೆ. 2002ರಲ್ಲಿ ಇಲಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಚೆನ್ನಾಗಿ ಮಾಗಿದ ಹಣ್ಣಿನಿಂದ ಏನೂ ಆಗಲಿಲ್ಲ, ಕಾಯಿಯ ಹಾಲು ಮಾತ್ರ ಗರ್ಭಕೋಶವನ್ನು ಹಿಂಡಿತು. ಆದ್ದರಿಂದ ಕಾಯಿ, ದೋರೆಗಾಯಿ ಬಿಡಿ. ತೊಟ್ಟಿನ ತನಕ ಹಣ್ಣಾದದ್ದರಲ್ಲಿ ಎರಡು ಹೋಳು ತಿಂದವಳನ್ನು ಅತ್ತೆಯಂದಿರು ಹೆದರಿಸಬೇಡಿ.

ಹೋಮಿಯೋಪತಿಯ ಸಕ್ಕರೆ ಗುಳಿಗೆಯನ್ನೂ ನಾನು ಇಲ್ಲೇ ಹಾಕುತ್ತೇನೆ, ಯಾರಿಗೆ ಬೇಸರವಾದರೂ ಸರಿ. 30ಸಿ ಅಂತ ಬರೆದದ್ದರಲ್ಲಿ ಮೂಲವಸ್ತುವನ್ನು ಎಷ್ಟು ಸಲ ತೆಳುವಾಗಿಸಿರುತ್ತಾರೆಂದರೆ ಅದರ ಕಣವೂ ಉಳಿದಿರುವುದಿಲ್ಲ. ಕೆಡುಕಿಲ್ಲ. ಆದರೆ ಮದರ್ ಟಿಂಕ್ಚರ್ ಅನ್ನುವ ಹನಿಯಲ್ಲಿ ಗಿಡದ ಸತ್ವವೂ ಇರುತ್ತದೆ, ಆಲ್ಕೋಹಾಲೂ ಇರುತ್ತದೆ. ಅದು ಹೊಟ್ಟಲ್ಲ. ಆಯುರ್ವೇದದ ಆಸವ, ಅರಿಷ್ಟಗಳಲ್ಲೂ ಹುದುಗಿ ಹುಟ್ಟಿದ ಆಲ್ಕೋಹಾಲ್ ಇರುತ್ತದೆ, ನೂರಕ್ಕೆ 12ರವರೆಗೂ ಇರಬಹುದು. ಬಾಟ್ಲಿ ಮೇಲೆ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ, ಕನ್ನಡಕ ಹಾಕಿಕೊಂಡು ಓದಿ.

ಕಲ್ಲು

ಇಲ್ಲಿ ನಿಧಾನವಾಗಿ ಬನ್ನಿ.

ಮೊದಲನೆಯದು ಭಸ್ಮ ಮತ್ತು ರಸ. ಹೆಸರು ನೋಡಿ ಮೋಸ ಹೋಗಬೇಡಿ. ಗರ್ಭಪಾಲ ರಸ ಅಂತ ಒಂದು ಹಳೆಯ ಔಷಧಿ ಇದೆ. ಗರ್ಭ ಕಾಯುವುದು ಅನ್ನುವ ಹೆಸರು ಕೇಳಿದರೆ ಯಾವ ಬಸುರಿಗೆ ಬೇಡ ಅನ್ನಿಸೀತು? ಪೆಟ್ಟಿಗೆ ತಿರುಗಿಸಿ ಓದಿದರೆ ಹಿಂಗುಲ, ನಾಗ ಭಸ್ಮ, ವಂಗ ಭಸ್ಮ. ನಾಗ ಅಂದರೆ ಹಾವಲ್ಲ, ಸೀಸ. ಹಿಂಗುಲ ಅಂದರೆ ಪಾದರಸದ ಅದಿರು. ವಂಗ ತವರ. ಇನ್ನು ಕೆಲವು ಹೆಸರು ಬಾಯಿಪಾಠ ಮಾಡಿಕೊಳ್ಳಿ: ಪಾರದ, ಕಜ್ಜಲಿ, ರಸಸಿಂಧೂರ ಅಂದರೆ ಪಾದರಸ, ಹರತಾಳ, ಮನಃಶಿಲೆ ಅಂದರೆ ಆರ್ಸೆನಿಕ್. ಶುದ್ಧಿ ಮಾಡಿರುತ್ತಾರೆ, ಪುಟ ಹಾಕಿರುತ್ತಾರೆ ಅಂತ ಹೇಳುತ್ತಾರೆ. ಹಾಕಿರಲಿ. ಸೀಸ ಸುಟ್ಟರೂ ಸೀಸವೇ.

2011-12ರಲ್ಲಿ ನ್ಯೂಯಾರ್ಕ್ ನಗರದ ಆರೋಗ್ಯ ಇಲಾಖೆಯವರು ಆರು ಜನ ಬಸುರಿಯರ ರಕ್ತದಲ್ಲಿ ಸೀಸ ಏರಿದ್ದನ್ನು ಕಂಡು ಬೆನ್ನು ಹತ್ತಿದರು. ಬಣ್ಣವೂ ಅಲ್ಲ, ನೀರಿನ ಕೊಳವೆಯೂ ಅಲ್ಲ. ಆ ಆರೂ ಜನ ಭಾರತದಿಂದ ತರಿಸಿದ ಆಯುರ್ವೇದದ ಗುಳಿಗೆ ತಗೊಂಡವರು. ಅದಕ್ಕೂ ಮೊದಲು, 2008ರಲ್ಲಿ, ಇಂಟರ್ನೆಟ್ಟಿನಲ್ಲಿ ಮಾರುತ್ತಿದ್ದ 193 ಆಯುರ್ವೇದ ಔಷಧಿಗಳನ್ನು ಅಮೆರಿಕದ ಸಂಶೋಧಕರು ಪರೀಕ್ಷಿಸಿದಾಗ ಸುಮಾರು ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಇಲ್ಲವೇ ಆರ್ಸೆನಿಕ್ ಸಿಕ್ಕಿತ್ತು. ಸೀಸ ತಾಯಿಯ ಎಲುಬಿನಲ್ಲಿ ವರ್ಷಗಟ್ಟಲೆ ಅಡಗಿ ಕೂತು, ಬಸುರಿನಲ್ಲಿ ಎಲುಬಿನ ಸುಣ್ಣದಂಶ ಕರಗುವಾಗ ಅದರ ಜೊತೆ ಹೊರಟು ಮಗುವಿನ ಮೆದುಳಿಗೆ ಹೋಗುತ್ತದೆ. ಮಕ್ಕಳಾಗಲಿ ಅಂತ ಎರಡು ವರ್ಷ ಗುಟ್ಟಾಗಿ ಪುಡಿ ತಿಂದವರು ಬಸುರಾದ ಮೇಲೆ ನಿಲ್ಲಿಸಿದರೂ ಸಾಲದು. ಡಾಕ್ಟರಿಗೆ ಹೇಳಿ, ರಕ್ತದಲ್ಲಿ ಸೀಸದ ಪರೀಕ್ಷೆ ಬೇಕೇ ಅಂತ ಕೇಳಿ.

ಆಯುರ್ವೇದವನ್ನೇ ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ. ಚರಕ ಸಂಹಿತೆಯಲ್ಲೇ ಬಸುರಿಯನ್ನು ಅಂಚಿನ ತನಕ ಎಣ್ಣೆ ತುಂಬಿದ ಪಾತ್ರೆಯ ಹಾಗೆ, ಕುಲುಕದಂತೆ ಉಪಚರಿಸಬೇಕು ಅಂತ ಇದೆ. ತಿಂಗಳು ತಿಂಗಳಿಗೆ ಹೇಳಿದ ಪಥ್ಯ ಹಾಲು, ಬೆಣ್ಣೆ, ತುಪ್ಪ, ಗಂಜಿ. ವಾಂತಿ ಮಾಡಿಸುವುದು, ಭೇದಿ ಮಾಡಿಸುವುದು ಬೇಡ ಅನ್ನುತ್ತದೆ. ಓದಿದ ವೈದ್ಯರು ಬಸುರಿಗೆ ಕಡಿಮೆ ಔಷಧಿ ಕೊಡುತ್ತಾರೆ, ಅದೇ ಅವರ ಗುರುತು. ಇಂಗ್ಲಿಷ್ ಔಷಧಿಯೂ ಹಾಲು ಕುಡಿದ ಮಗುವೇನಲ್ಲ. 1957ರಿಂದ 1961ರವರೆಗೆ ಜರ್ಮನಿಯಲ್ಲಿ ನಿದ್ದೆಗೆಂದು ಮಾರಿದ ಥ್ಯಾಲಿಡೊಮೈಡ್ ಗುಳಿಗೆಯನ್ನು ಬಸುರಿಯರು ವಾಂತಿಗೂ ನುಂಗಿದರು, ಸಾವಿರಾರು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದವು. ಮೆಡಿಕಲ್ ಶಾಪಿನ ಹುಡುಗನನ್ನು ಕೇಳಿ ನೋವಿನ ಗುಳಿಗೆ ನುಂಗುವುದೂ ಇದೇ ಕಲ್ಲಿನ ಗುಂಪು.

ಎರಡನೆಯದು ಗಂಡುಮಗುವಿನ ಔಷಧಿ. ಎರಡು ಹೆಣ್ಣಾದ ಮೇಲೆ, ಮೂರನೆಯದಕ್ಕೆ ತಿಂಗಳು ನಿಂತ ನಲವತ್ತು ದಿನದೊಳಗೆ ಹಾಲಿನಲ್ಲಿ ಕುಡಿಸುತ್ತಾರೆ. ಮಗು ಗಂಡೋ ಹೆಣ್ಣೋ ಅನ್ನುವುದು ಗರ್ಭ ಕಟ್ಟಿದ ಗಳಿಗೆಯಲ್ಲೇ, ಅದೂ ಅಪ್ಪನ ಕಡೆಯಿಂದ, ತೀರ್ಮಾನವಾಗಿರುತ್ತದೆ. ಕುಡಿಸುವುದು ಮಾತ್ರ ಅಂಗಾಂಗ ಮೂಡುವ ಅದೇ ದಿನಗಳಲ್ಲಿ. ಹರಿಯಾಣದಲ್ಲಿ ನಡೆದ ಅಧ್ಯಯನಗಳಲ್ಲಿ ಇಂಥ ಔಷಧಿ ತಗೊಂಡ ತಾಯಂದಿರಲ್ಲಿ ಅಂಗವೈಕಲ್ಯದ ಮಕ್ಕಳು, ಸತ್ತು ಹುಟ್ಟಿದ ಮಕ್ಕಳು ಹೆಚ್ಚಾಗಿ ಕಂಡರು. ಇದನ್ನು ಸೊಸೆಗೆ ಹೇಳಿ ಪ್ರಯೋಜನವಿಲ್ಲ, ಲೋಟ ಹಿಡಿದು ನಿಂತವರಿಗೆ ಹೇಳಬೇಕು. ಗಂಡನನ್ನು ಕರೆದು ಕೂರಿಸಿ ಹೇಳುತ್ತಿದ್ದೆ.

ಮೂರನೆಯದು ಕಾಮಣಿ, ಅಂದರೆ ಕಾಮಾಲೆ. ಇದನ್ನು ಬರೆಯುವಾಗ ಈಗಲೂ ನನಗೆ ಕೈ ತಣ್ಣಗಾಗುತ್ತದೆ. ಎಂಟು ತಿಂಗಳ ಬಸುರಿ ಹುಡುಗಿ, ಕಣ್ಣು ಹಳದಿ. ಕಾಮಣಿಗೆ ಔಷಧಿ ಕೊಡುವ ಊರಿಗೆ ಕರೆದುಕೊಂಡು ಹೋದರು. ಸೊಪ್ಪು ಅರೆದು ಹಾಲಲ್ಲಿ ಕುಡಿಸಿ, ಉಪ್ಪಿಲ್ಲದ ಊಟದ ಪಥ್ಯ ಹೇಳಿದರು. ನನಗೆ ಸುದ್ದಿ ಬಂದದ್ದು ಆರನೇ ದಿನ, ಹುಡುಗಿ ಏನೇನೋ ಬಡಬಡಿಸುತ್ತಿದ್ದಾಳೆ ಅಂತ. ಆಸ್ಪತ್ರೆ ಮುಟ್ಟಿದಳು, ಉಳಿಯಲಿಲ್ಲ. ಔಷಧಿ ಕೊಟ್ಟವನು ದುಷ್ಟನಲ್ಲ, ದುಡ್ಡೂ ತಗೊಳ್ಳುತ್ತಿರಲಿಲ್ಲ. ಅವನ ಹತ್ತಿರ ಬಂದ ನೂರಾರು ಜನ ಗುಣವಾಗಿದ್ದರು, ಯಾಕಂದರೆ ಕೊಳಕು ನೀರಿನಿಂದ ಬರುವ ಕಾಮಣಿ ಬಹಳ ಜನಕ್ಕೆ ತಾನಾಗಿಯೇ ವಾಸಿಯಾಗುತ್ತದೆ. ಬಸುರಿಯ ಲೆಕ್ಕವೇ ಬೇರೆ. ಆ ಕೊಳಕು ನೀರಿನ ಕಾಮಣಿಯಲ್ಲೇ ಒಂದಾದ ಹೆಪಟೈಟಿಸ್ ಇ ಕೊನೆಯ ಮೂರು ತಿಂಗಳಲ್ಲಿ ತಗುಲಿದರೆ ನೂರರಲ್ಲಿ 20-25 ತಾಯಂದಿರವರೆಗೂ ಸಾಯುತ್ತಾರೆ. ಕಣ್ಣು ಹಳದಿ ಕಂಡ ದಿನವೇ ದೊಡ್ಡಾಸ್ಪತ್ರೆ. ಅಂಗೈ ಅಂಗಾಲು ರಾತ್ರಿಯೆಲ್ಲ ವಿಪರೀತ ತುರಿಸಿದರೂ ಅಷ್ಟೇ, ಯಕೃತ್ತಿನ ಪರೀಕ್ಷೆ ಬೇಕು. ಕೋವಿಡ್ ಕಾಲದಲ್ಲಿ ಮನೆಮನೆಯಲ್ಲಿ ಕುಡಿದ ಅಮೃತಬಳ್ಳಿಯಿಂದ ಕೆಲವರಿಗೆ ಯಕೃತ್ತು ಕೆಟ್ಟದ್ದನ್ನು ಮುಂಬೈ ವೈದ್ಯರು 2021ರಲ್ಲಿ ಬರೆದಿದ್ದಾರೆ. ಬಸುರಿನಲ್ಲಿ ಅದೂ ಬೇಡ, ಅಶ್ವಗಂಧವೂ ಬೇಡ.

ಹರಳೆಣ್ಣೆ ಪಾದಕ್ಕೆ, ತಲೆಗೆ ಹಚ್ಚಿ, ತಂಪು. ದಿನ ತುಂಬಿತು, ನೋವು ಬರಲಿ ಅಂತ ಕುಡಿಸಬೇಡಿ. ಅದು ಕರುಳನ್ನೂ ಗರ್ಭಕೋಶವನ್ನೂ ಒಟ್ಟಿಗೇ ಕೆರಳಿಸುತ್ತದೆ. ಭೇದಿಯಾಗಿ ಸುಸ್ತಾದವಳು ಹೆರುವುದು ಹೇಗೆ? ಹಿಂದೆ ಸಿಸೇರಿಯನ್ ಆದವರಿಗಂತೂ ಹಳೇ ಹೊಲಿಗೆ ಬಿಚ್ಚುವ ಭಯ. ಅದರ ಬದಲು ಕೊನೆಯ ನಾಲ್ಕು ವಾರ ದಿನಕ್ಕೆ ಆರು ಖರ್ಜೂರ ಕೊಡಿ. ಜೋರ್ಡಾನಿನಲ್ಲಿ ಹೀಗೆ ತಿಂದವರಿಗೆ ನೋವು ಬರಿಸುವ ಇಂಜೆಕ್ಷನ್ ಬೇಕಾದದ್ದು ಕಡಿಮೆ. ಸಕ್ಕರೆ ಕಾಯಿಲೆ ಇದ್ದರೆ ಇದೂ ಬೇಡ. ಹೊಟ್ಟೆ ತಿಕ್ಕಿ ಮಗು ತಿರುಗಿಸುವುದು ಬೇಡವೇ ಬೇಡ, ಮಾಸು ಬಿಟ್ಟು ಒಳಗೇ ರಕ್ತ ಹೋದೀತು. ನಮ್ಮ ಪಕ್ಕದ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು, ಸಾವಿರಾರು ಹೆರಿಗೆ ಮಾಡಿಸಿದ ಕೈ. ಅಂಥ ಕೈ ಊರಿಗೊಂದು ಇರುವುದಿಲ್ಲ. ನಾನು ಕಂಡ ಒಳ್ಳೆಯ ಸೂಲಗಿತ್ತಿಯರು ಯಾವಾಗ ತಮ್ಮ ಕೈ ಹಿಂದೆಗೆಯಬೇಕು ಅಂತ ಬಲ್ಲವರಾಗಿದ್ದರು.

ಅಡಿಕೆ ಬಗ್ಗೆ ಹೇಳಿದರೆ ಚನ್ನಗಿರಿ, ಭೀಮಸಮುದ್ರದವರು ನನ್ನ ಮೇಲೆ ಮುನಿಸಿಕೊಂಡಾರು. ಅಡಿಕೆಯ ಸತ್ವ ಮಾಸು ದಾಟಿ ಮಗುವಿಗೆ ಮುಟ್ಟುತ್ತದೆ, ಜಗಿಯುವವರ ಮಕ್ಕಳ ತೂಕ ಕಡಿಮೆ. ಹೊಗೆಸೊಪ್ಪು ಸೇರಿದರೆ ಇನ್ನೂ ಕಡಿಮೆ. ಒಂಬತ್ತು ತಿಂಗಳು ಬಿಡಿ, ಊಟವಾದ ಮೇಲೆ ಬಡೆಸೋಪು ಅಗಿಯಿರಿ.

ಬಸುರು ಬೇಡವಾಗಿದ್ದರೆ ಬೇರು ಕಡ್ಡಿಗಳ ಗೊಡವೆಗೆ ಹೋಗಬೇಡಿ ತಾಯಿ. ಅದರಿಂದ ನಂಜೇರಿ ಸತ್ತವರನ್ನು ನೋಡಿದ್ದೇನೆ. ಕಾನೂನು 1971ರಿಂದಲೇ ಇದೆ. ಈಗ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯದ ಮೇಲೆ ಆಸ್ಪತ್ರೆಯಲ್ಲೇ ಆಗುತ್ತದೆ, ಹೆಸರು ಗುಟ್ಟಾಗಿರುತ್ತದೆ.

ಅತ್ತೆಗೆ ಬೇಡ ಅನ್ನುವುದು ಹೇಗೆ

ಪುಸ್ತಕಗಳಲ್ಲಿ ಇದಿಲ್ಲ, ಕಷ್ಟ ಮಾತ್ರ ಇಲ್ಲೇ ಇರುವುದು. ಲೋಟ ಹಿಡಿದು ಬಂದ ಅತ್ತೆಗೆ "ಡಾಕ್ಟ್ರು ಬ್ಯಾಡ ಅಂದಾರೆ" ಅಂದರೆ ಡಾಕ್ಟರು ದೊಡ್ಡವರೋ ನಾನು ದೊಡ್ಡವಳೋ ಅಂತ ಜಗಳ. ಸೊಸೆ ಹಿಂದಿನ ಬಾಗಿಲಲ್ಲಿ ಚೆಲ್ಲಿದರೆ ಇನ್ನೊಂದು ಜಗಳ. ನಾನು ಕೆಲಸ ಕೊಡುತ್ತಿದ್ದೆ. "ಅಮ್ಮ, ಕಷಾಯ ಬಾಣಂತನಕ್ಕೆ ಇಟ್ಟಿರು, ಆಗ ಡಾಕ್ಟ್ರನ್ನ ಕೇಳಿ ಕೊಡೋಣ. ಈಗ ನಿನ್ನ ಸೊಸೆಗೆ ರಕ್ತ ಇಲ್ಲ. ಈ ಕೆಂಪು ಗುಳಿಗೆ ದಿನಾ ರಾತ್ರಿ ಊಟ ಆದಮ್ಯಾಲೆ ನಿನ್ನ ಕೈಯಾರೆ ಕೊಡು, ಮ್ಯಾಲೆ ಅರ್ಧ ನಿಂಬೆಹಣ್ಣಿನ ಪಾನಕ. ಚಹಾ, ಹಾಲು, ಸುಣ್ಣದ ಗುಳಿಗೆ ಅದರ ಹತ್ರ ಬಿಡಬ್ಯಾಡ, ಎರಡು ತಾಸು ದೂರ ಇರ್ಲಿ." ಕಬ್ಬಿಣ 60 ಮಿಲಿಗ್ರಾಂ, ಫೋಲಿಕ್ ಆಮ್ಲ 500 ಮೈಕ್ರೋಗ್ರಾಂ ಇರುವ ಆ ಗುಳಿಗೆ ನಾಲ್ಕನೇ ತಿಂಗಳಿಂದ 180 ದಿನ ನುಂಗಬೇಕು. ಮಲ ಕಪ್ಪಗಾಗುತ್ತದೆ, ಹೆದರುವಂಥದ್ದಲ್ಲ. ಅತ್ತೆ ಕೈಗೆ ಹೋದ ಮೇಲೆ ಒಂದು ಗುಳಿಗೆಯೂ ತಪ್ಪುತ್ತಿರಲಿಲ್ಲ, ನನ್ನ ರಿಜಿಸ್ಟರಿಗಿಂತ ಅವರ ಲೆಕ್ಕ ಗಟ್ಟಿ.

ಕೇರಿ ಉಳಿದದ್ದನ್ನೂ ತೆಗೆದದ್ದನ್ನೂ ತಾಯಿ ಕಾರ್ಡಿನ ಖಾಲಿ ಜಾಗದಲ್ಲಿ ಬರೆಯಿರಿ: ಏನು, ಎಷ್ಟು, ಎಷ್ಟು ದಿನದಿಂದ, ಯಾರು ಕೊಟ್ಟರು. ಡಬ್ಬಿ ಇದ್ದರೆ ಫೋಟೋ. ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಒಳಗಿರುವ ವಸ್ತುಗಳ ಪಟ್ಟಿ ಇಲ್ಲದ ಡಬ್ಬಿ ಕೇರುವ ಮೊದಲೇ ಕಲ್ಲು. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರನ್ನು ವೈದ್ಯರೇ ನೋಡುತ್ತಾರೆ, ಅವತ್ತು ಆ ಪುಟ ತೆರೆದು ಮೇಜಿನ ಮೇಲಿಡಿ. ಡಾಕ್ಟರು ಗದರಿದರೆ ಗದರಲಿ, ಬರೆದದ್ದನ್ನಂತೂ ಓದಿರುತ್ತಾರಲ್ಲ.

ಮೊರ ಹುಡುಕುವಷ್ಟು ಹೊತ್ತೂ ಇಲ್ಲದ ವೇಳೆ ಕೆಲವಿವೆ: ರಕ್ತ ಹೋಗುವುದು, ನೀರು ಒಡೆಯುವುದು, ತಲೆನೋವಿನ ಜೊತೆ ಕಣ್ಣು ಮಂಜಾಗುವುದು, ಮುಖ ಊದುವುದು, ಫಿಟ್ಸು, ಜ್ವರ, ಮಗು ಮಿಸುಕಾಡುವುದು ಕಡಿಮೆಯಾಗುವುದು. ಫಿಟ್ಸು ಬಂದವಳನ್ನು ಗಾಳಿ ಬಿಡಿಸಲು ಒಯ್ಯಬೇಡಿ. ಅದು ಗರ್ಭನಂಜು, ಅದಕ್ಕೆ ಮೆಗ್ನೀಸಿಯಂ ಸಲ್ಫೇಟ್ ಇಂಜೆಕ್ಷನ್ ಇದೆ. 108ಕ್ಕೆ ಫೋನ್ ಮಾಡಿ, ಅಂತ್ರ ದಾರ ಆಮೇಲೆ ಕಟ್ಟಿಸಿ.

ಅಕ್ಕನ ಮಗಳ ಮೊರ

ಹೋದ ತಿಂಗಳು ಅಕ್ಕನ ಮಗಳು ಬೆಂಗಳೂರಿಂದ ಬಂದಳು. ಮೂರು ತುಂಬಿ ನಾಲ್ಕರಲ್ಲಿ. ಕಂಪ್ಯೂಟರ್ ಕೆಲಸ, ಓದಿದವಳು. "ಚಿಗವ್ವ, ನಮ್ಮದು ಹಳ್ಳಿ ಅಲ್ಲ, ನಾನು ಅಂಥದ್ದೇನೂ ತಗಳಲ್ಲ" ಅಂದಳು. ಮೊರ ಇಟ್ಟೆ. ಬ್ಯಾಗಿನಿಂದ ಒಂದೊಂದೇ ಬಂದವು. ಮೊಬೈಲಿನಲ್ಲಿ ತರಿಸಿದ ಗರ್ಭಸಂಸ್ಕಾರದ ಕಿಟ್, ಅದರಲ್ಲಿ ಪಟ್ಟಿಯಿಲ್ಲದ ಎರಡು ಪುಡಿ. ನಿದ್ದೆಗೆ ಅಂತ ಅಶ್ವಗಂಧದ ಜೆಲ್ಲಿ. ಕೇಸರಿ ಡಬ್ಬಿ. ಶುಂಠಿ ಪೆಪ್ಪರಮೆಂಟು. ಫೋಲಿಕ್ ಆಮ್ಲದ ಹಾಳೆ, ಅದರಲ್ಲಿ ಅರ್ಧ ಹಾಗೇ ಇತ್ತು.

ಪುಡಿ, ಜೆಲ್ಲಿ ಕಲ್ಲಿಗೆ ಹೋದವು. ಶುಂಠಿ ಉಳಿಯಿತು. ಕೇಸರಿಗೆ ಅಕ್ಕ ಅಡ್ಡ ಬಂದಳು, ಇರಲಿ ಬಿಡು ಅಂದೆ. ಎಲ್ಲ ಆಯಿತು ಅನ್ನುವಾಗ ಅಕ್ಕ ಒಳಗೆ ಹೋಗಿ ಮಗಳ ದಿಂಬಿನ ಕೆಳಗಿಂದ ಏನೋ ತಂದು ಮಾತಾಡದೆ ಮೊರಕ್ಕೆ ಹಾಕಿದಳು. ಬಳಪ, ಎರಡು ತುಂಡು. ಹುಡುಗಿ ಮುಖ ಕೆಂಪಗಾಯಿತು. "ಅದು ಔಷಧಿ ಅಲ್ಲಲ್ಲ ಚಿಗವ್ವ" ಅಂದಳು.

ಎಲ್ಲ ಬರೆಸಿದೆ, ಬಳಪವನ್ನೂ ಸೇರಿಸಿ. ಡಾಕ್ಟರಮ್ಮ ಪುಟ ಓದಿದರು, ಪುಡಿಗಳ ಮೇಲೆ ಗೀಟು ಎಳೆದರು, ಕೊನೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು. "ಬಳಪ ಯಾವಾಗಿಂದ?" ಹುಡುಗಿ ಅಮ್ಮನ ಮುಖ ನೋಡಿದಳು. ರಕ್ತ ಪರೀಕ್ಷೆಗೆ ಬರೆದರು. ಹಿಮೋಗ್ಲೋಬಿನ್ 9.2 ಬಂತು. ಮಣ್ಣು, ಬಳಪ, ಹಸಿ ಅಕ್ಕಿ ತಿನ್ನಬೇಕು ಅನ್ನಿಸುವುದು ಬಹಳ ಸಲ ರಕ್ತ ಕಡಿಮೆ ಇದೆ ಅಂತ ಮೈ ಕೂಗುವ ಕೂಗು. ಕಬ್ಬಿಣದ ಗುಳಿಗೆ ದಿನಕ್ಕೆ ಎರಡು ಅಂತ ಬರೆದರು. ರಾತ್ರಿಯದು ಅಕ್ಕ ಕೊಡುತ್ತಾಳೆ, ಬೆಳಗಿನದಕ್ಕೆ ನಾನು ಫೋನ್ ಮಾಡುತ್ತೇನೆ.